ಜ್ವಾಳ ಹೆಚ್ಚ್ಯಾವ

ನಮ್ಮ ಮನ್ಯಾಗ ಜ್ವಾಳ ತೀರಿದರ ತೀರ್ಯಾವ ಅನ್ನೂದಿಲ್ಲ, ಹೆಚ್ಚ್ಯಾವ ಅಂತೀವಿ. ಉಪ್ಪು ತೀರಿದರ ಉಪ್ಪು ಹೆಚ್ಚೈತಿ. ಕೈಯಾಗಿನ ಬಳಿ ಒಡದರ ಬಳಿ ಹೆಚ್ಚಿದವು. ದೀಪ ಆರಸು ಅನ್ನೂದಿಲ್ಲ, ದೊಡ್ಡದು ಮಾಡು ಅಂತೀವಿ. ಬ್ಯಾರೆ ಎಲ್ಲಾ ಮಾತಿಗೂ ಇಲ್ಲ ಅಂದೇವು, ಮನಿ ಒಳಗಿನ ಕಾಳುಕಡಿಗೆ ಮಾತ್ರ ಅನಬಾರದು. ಅಂದರ ಖರೇನ ಇಲ್ಲದಂಗ ಆಗತೈತಿ ಅಂತ. ಸಣ್ಣಾಕಿದ್ದಾಗ ಒಮ್ಮಿ ಅವ್ವಾ ಎಣ್ಣಿ ಇಲ್ಲ ಅಂದಿದ್ದಕ್ಕ ನಮ್ಮವ್ವ ಬಾಯಿ ಮ್ಯಾಲೆ ಬಡದಳು. ಮತ್ತ ನಾ ಅನ್ನಲಿಲ್ಲ. ಸೊಸಿ ಬಂದಮ್ಯಾಲೆ ಅಕಿಗೂ ಕಲಿಸಿದೆ.

ಈ ಒಂದು ಮಾತಿನಿಂದ ನಮ್ಮ ಓಣಿಗೆ ನರ್ಸು ಬರೂದು ನಿಂತಿತು. ಸೊಸಿ ಹೊಟ್ಟ್ಯಾಗಿನ ಕೂಸು ಕೈ ಬಿಟ್ಟು ಹೋಗೂದರಾಗ ಇತ್ತು. ಸಿಟ್ಟು ಇನ್ನೂ ಇಳದಿಲ್ಲ. ಇಳೀಲಿ ಅಂತ ನಾ ಕಾಯೂದೂ ಇಲ್ಲ.

ನಾವು ಇಳಕಲ್ಲಿನ ನೇಕಾರರು. ನನ್ನ ಗಂಡ ಇದ್ದಾಗ ಮನ್ಯಾಗ ಕೈಮಗ್ಗ ಇತ್ತು. ಈಗ ಮಗ್ಗದ ಕುಣಿ ಮ್ಯಾಲೆ ಚಪ್ಪಡಿ ಹಾಸಿ, ಅದರ ಮ್ಯಾಲೆ ಗ್ಯಾಸಿನ ಒಲಿ ಇಟ್ಟೇವಿ. ಮಗ ಮತ್ತೊಬ್ಬರ ಶೆಡ್ಡಿನ್ಯಾಗ ಪಾವರ್‌ಲೂಮು ಓಡಸ್ತಾನ. ನಾ ಕಂಡಿಕಿ ಸುತ್ತತೇನಿ, ಲಾಳಿಯೊಳಗ ಇಡೂ ನೂಲಿನ ಕೊಳವಿಗೆ ಕಂಡಿಕಿ ಅಂತಾರ. ಸೊಸಿ ಪಟ್ಟದಕಲ್ಲಿನ ಕಡಿಯಾಕಿ. ಮಾತು ಕಡಿಮಿ, ಕೆಲಸ ಭಾಳ. ಬಂದ ನಾಕು ವರ್ಷದಾಗ ಅಕಿಗೆ ಎರಡು ಸಲ ಬಸರು ಇಳೀತು. ಎರಡೂ ಸಲ ದವಾಖಾನ್ಯಾಗ ಒಂದ ಮಾತು: ಮೈಯಾಗ ರಕ್ತ ಇಲ್ಲವ್ವಾ, ಏನು ತಿನಸ್ತೀರಿ ಈಕಿಗೆ?

ಏನು ತಿನಸ್ತೀವಿ. ನಾವು ಉಂಡದ್ದು ಅಕಿ ಉಣತಾಳ ಅಂದೆ. ಸುಳ್ಳು ಹೇಳಿದೆ ಅಂತ ಆಗ ನನಗ ಅನಸಲಿಲ್ಲ. ನಮ್ಮ ಮನ್ಯಾಗ ಮೊದಲ ಗಂಡಸೂರು ಉಣತಾರ, ಆಮ್ಯಾಲೆ ನಾ, ಕಡೀಕ ಸೊಸಿ. ನಾನೂ ಹಂಗ ಉಂಡಾಕಿ, ನಮ್ಮತ್ತಿನೂ ಹಂಗ ಉಂಡಾಕಿ. ಕಡೀಕ ಉಣ್ಣಾಕಿ ತಾಟಿನ್ಯಾಗ ಏನಿರತೈತಿ? ಬುಟ್ಟಿ ತಳದ ಒಣಾ ರೊಟ್ಟಿ, ಗಡಗಿ ತಳದ ಸಾರು. ಅದನ್ನ ನೋಡಾಕ ಯಾರೂ ಕುಂಡ್ರೂದಿಲ್ಲ, ಯಾಕಂದರ ಅಕಿ ಉಣ್ಣೂ ಹೊತ್ತಿಗೆ ಎಲ್ಲಾರೂ ಎದ್ದು ಹೋಗಿರತಾರ.

ಮೂರನೇ ಸಲ ಬಸರಾದಾಗ ಬಾಗಲಕೋಟಿಯ ಒಂದು ಸಂಸ್ಥಾದವರು ನಮ್ಮ ಓಣಿಗೆ ನರ್ಸನ್ನ ಕಳಸಾಕ ಸುರು ಮಾಡಿದರು. ಪ್ರತಿ ಮಂಗಳವಾರ ಗುಡಿ ಕಟ್ಟಿ ಮ್ಯಾಲೆ ಕುಂಡ್ರಾಕಿ. ಬಸರಿಯರ ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಾಕಿ, ಗುಳಗಿ ಕೊಡಾಕಿ. ಒಂದು ವಾಟಗಾ ಹಾಲು, ಎರಡು ಶೇಂಗಾ ಉಂಡಿ, ಮೊಳಕಿ ಕಾಳು ಅಲ್ಲೇ ತಿನಸಾಕಿ. ಮನಿಗೆ ಒಯ್ಯೂಹಂಗಿಲ್ಲ ಅಂದಳು. ನನಗ ಸಿಟ್ಟು ಬಂತು.

"ಯಾಕ ತಂಗಿ, ನಾವು ಕಸಗೊಂಡು ತಿಂತೀವಿ ಅಂತ ಮಾಡೀಯೇನು?"

"ನೀವು ಕಸಗೊಳ್ಳೂದಿಲ್ಲ ಆಯಿ. ಅಕಿನ ಹಂಚತಾಳ."

ಖರೆ ಮಾತು. ಎರಡು ತಿಂಗಳದಾಗ ಸೊಸಿ ರಕ್ತ ಏಳರ ಮ್ಯಾಲಿಂದ ಒಂಬತ್ತಕ್ಕ ಬಂತು. ತುಟಿಗೆ ಬಣ್ಣ ಬಂತು. ಕೊಡ ಹೊತ್ತು ಬಂದು ಗ್ವಾಡಿ ಹಿಡಕೊಂಡು ನಿಲ್ಲೂದು ನಿಂತಿತು. ಐದು ತಿಂಗಳು ತುಂಬಿತು. ಹಿಂದಿನ ಎರಡೂ ಸಲ ಅಷ್ಟು ದಿನ ಹೋಗಿರಲಿಲ್ಲ.

ಆಗ ಬಂತು ಈ ಅಳಿಯೂ ಕೆಲಸ.

ಸಂಸ್ಥಾದಾವ ಒಬ್ಬಂವ ಬಂದು ನಮ್ಮನ್ನೆಲ್ಲಾ ಕಟ್ಟಿ ಮ್ಯಾಲೆ ಕೂಡಿಸಿದ. ಚೊಲೋ ಮಾತಾಡತಿದ್ದ. ಇಷ್ಟು ದಿನ ಊರು ಬೆಳೀತು ಅಂದರ ವ್ಯಾಪಾರ ಎಷ್ಟಾತು, ರೊಕ್ಕ ಎಷ್ಟಾತು ಅಂತ ಅಳೀತಿದ್ದರಂತ, ಜಗತ್ತಿನ ತುಂಬ ಹಂಗ ಅಂತ. ಈಗ ದೊಡ್ಡ ದೊಡ್ಡ ದೇಶದವರಿಗೆ ಅದು ತಪ್ಪು ಅಂತ ತಿಳದೈತಂತ. ಮನುಷ್ಯಾರು ಉಣತಾರೋ ಇಲ್ಲೋ, ನೀರು ಕುಡೀತಾರೋ ಇಲ್ಲೋ, ಹೆಂಗಸೂರು ಅಂಜಿಕಿ ಇಲ್ಲದ ತಿರಗತಾರೋ ಇಲ್ಲೋ, ಅದನ್ನ ಅಳೀಬೇಕಂತ. "ನಿಮ್ಮ ಆದಾಯ ಎಷ್ಟು ಅಂತ ನಾವು ಕೇಳೂದ ಇಲ್ಲ" ಅಂದ.

ನನಗ ಆ ಮಾತು ಹಿಡಿಸಿತು. ಸುಳ್ಳು ಯಾಕ ಹೇಳಲಿ. ಇಳಕಲ್ಲ ಬೆಳದಿಲ್ಲೇನು? ಕೆಂಪು ಕಲ್ಲು ಹೇರಿದ ಲಾರಿ ಸಾಲು ನಿಲ್ಲತಾವ, ಸೀರಿ ಅಂಗಡಿಗೆ ಕನ್ನಡಿ ಬಾಗಲ ಬಂದಾವ, ಮೊದಲ ಹುನಗುಂದಕ್ಕ ಓಡೂ ಕೆಲಸಕ್ಕ ಈಗ ಇಲ್ಲೇ ತಾಲೂಕ ಕಚೇರಿ ಆಗೈತಿ. ಊರು ಬೆಳೀತು. ನನ್ನ ಸೊಸಿ ಎರಡು ಕೂಸು ಕಳಕೊಂಡದ್ದು ಇದ ಬೆಳೆಯೂ ವರ್ಷದಾಗ. ಅದನ್ನ ಅಳಿಯಾವರು ಯಾರರ ಬಂದರ ಬರಲಿ ಅಂದುಕೊಂಡೆ.

"ತಮ್ಮಾ, ನಾವು ಸೀರಿ ವಾರದಾಗ, ಅಂದರ ಗಜದಾಗ ಅಳೀತೀವಿ, ಒಂದು ಸೀರಿಗೆ ಆರು ವಾರ, ಎಂಟು ವಾರ ಅಂತ. ನೀ ಮನುಷ್ಯಾರನ್ನ ಯಾತರಾಗ ಅಳೀತಿ?" ಅಂದೆ.

"ಪ್ರಶ್ನಿ ಕೇಳಿ ಅಳೀತೀವಿ ಆಯಿ."

ಎದುರು ಮನಿ ಮುದುಕಿ ನನ್ನ ತೊಡಿಗೆ ತಿವದು, "ನಿನ್ನ ಬಾಯಿ ಅಳೀಬೇಕಂದರ ಅವರ ಟೇಪು ಸಾಲೂದಿಲ್ಲ ತಗಿ" ಅಂದಳು. ಎಲ್ಲಾರೂ ನಕ್ಕರು.

ನಾಕ ದಿನದ ಮ್ಯಾಲೆ ಒಬ್ಬ ಹುಡುಗಿ ಬಂದಳು, ಮೈಸೂರು ಕಡಿಯಾಕಿ. ಕೈಯಾಗ ಪಾಟಿಯಷ್ಟು ದೊಡ್ಡ ಫೋನು. ಮಾತು ಪುಸ್ತಕದಂಗ ಮೆತ್ತಗ.

"ನಮಸ್ಕಾರ ಅಜ್ಜಿ, ಒಳಗೆ ಬರಬಹುದಾ?"

"ಬಾರವ್ವ. ಚಪ್ಪಲಿ ಹೊರಗ ಬಿಡು."

ಸೊಸಿ ಚಾಪಿ ಹಾಸಿದಳು. ಹುಡುಗಿ ಕುಂತು ಸೊಸಿನ್ನ ಕೇಳಿದಳು, "ಅಕ್ಕ, ಈಗ ಮನೆಯಲ್ಲಿ ಜೋಳ, ಅಕ್ಕಿ ಇದೆಯಾ?"

ಸೊಸಿ ನನ್ನ ಮಾರಿ ನೋಡಿದಳು. ಬೇರೆ ಊರಾಕಿ, ಮನಿ ಒಳಗ ಕುಂತು ಕೇಳತಾಳ, ನಾ ಎದುರಿಗೆ ಅದೇನಿ. ಅಕಿ ನಾ ಕಲಿಸಿದ್ದ ಹೇಳಿದಳು.

"ಜ್ವಾಳ ಹೆಚ್ಚ್ಯಾವ್ರಿ."

"ಹೆಚ್ಚಾಗಿದೆಯಾ? ಒಳ್ಳೇದಾಯ್ತು. ಬೇಳೆ?"

"ಬ್ಯಾಳಿನೂ ಹೆಚ್ಚೈತ್ರಿ."

"ಹೋದ ವರ್ಷ ಹೇಗಿತ್ತು?"

"ಹೋದ ವರ್ಷ ಇಷ್ಟು ಲಗೂನ ಹೆಚ್ಚತಿದ್ದಿಲ್ರಿ. ಈ ವರ್ಷ ತಿಂಗಳ ನಡುವನ ಹೆಚ್ಚತಾವ."

ಹುಡುಗಿ ಖುಷಿಲೆ ಫೋನಿಗೆ ಬೆರಳು ಒತ್ತಿದಳು. "ಹಾಲು?"

"ಹಾಲು ಮುಂಜಾನಿನ ಹೆಚ್ಚತಾವ್ರಿ."

"ನಲ್ಲಿ ನೀರು?"

"ನಳಾ ಎಂಟು ದಿನಕ್ಕೊಮ್ಮಿ ಬಿಡತಾರ್ರಿ. ತುಂಬಿಟ್ಟಿದ್ದು ನಾಕನೇ ದಿನಕ್ಕ ಹೆಚ್ಚಿಬಿಡತಾವ."

ಎಂಟು ದಿನ ಅನ್ನೂ ಮಾತು ಬರಿಯಾಕ ಆ ಫೋನಿನ್ಯಾಗ ಜಾಗಾ ಇರಲಿಲ್ಲಂತ, ಆಮ್ಯಾಲೆ ತಿಳೀತು. ನಳಾ ಐತಿ, ಇಲ್ಲ. ನೀರು ಕಡಿಮಿ, ಸಾಕಷ್ಟು, ಹೆಚ್ಚು. ಇಷ್ಟ ಖೋಲಿ. ಸೊಸಿ ಮಾತಿನ್ಯಾಗ ಹೆಚ್ಚು ಅಂತ ಕೇಳಿಸಿತು, ಹೆಚ್ಚಿನ ಖೋಲಿಗೆ ಹಾಕಿದಳು.

ನನ್ನನ್ನೂ ಒಂದು ಕೇಳಿದಳು. "ಅಜ್ಜಿ, ಮನೆಯಲ್ಲಿ ಎಲ್ಲರೂ ಊಟ ಮಾಡ್ತೀರಾ?"

"ಎಲ್ಲಾರೂ ಮಾಡತೀವಿ."

ಅದೂ ಸುಳ್ಳಲ್ಲ.

ಬಂದವರಿಗೆ ಚಹಾ ಕೊಡದ ಕಳಸೂ ಪದ್ಧತಿ ನಮ್ಮಲ್ಲಿಲ್ಲ. ಸೊಸಿ ಹಿತ್ತಲ ಬಾಗಲಲೆ ಎದುರು ಮನಿಗೆ ಹೋಗಿ, "ಸಕ್ಕರಿ ಹೆಚ್ಚೈತ್ರಿ, ಒಂದು ವಾಟಗಾ ಕೊಡ್ರಿ" ಅಂತ ಇಸಗೊಂಡು ಬಂದಳು. ಚಹಾ ಕೊಟ್ಟಳು. ಹುಡುಗಿ ಅಕಿದೊಂದು ಫೋಟೋ ತಗದಳು. ಏಳೂಮುಂದ, "ಸರಿ ಅಜ್ಜಿ, ಹೋಗ್ತೀನಿ" ಅಂದಳು.

"ಹೋಗ್ತೀನಿ ಅನಬಾರದವ್ವಾ. ಬರ್ತೀನಿ ಅನ್ನು."

"ಹೋಗ್ತಾ ಇದೀನಲ್ಲ ಅಜ್ಜಿ?"

"ಹೋಗ್ತಿ. ಆದರೂ ಬರ್ತೀನಿ ಅನ್ನು."

ನಕ್ಕೋತ "ಬರ್ತೀನಿ ಅಜ್ಜಿ" ಅಂತ ಹೋದಳು. ಇಷ್ಟು ಕಲಿಸಿದಾಕಿ ನಾ ಮತ್ತೊಂದು ಮಾತು ಕಲಿಸಲಿಲ್ಲ. ಹೋಗೂದಕ್ಕ ಬರೂದು ಅನ್ನೂ ಊರಾಗ ಇನ್ನೇನೇನು ಅಂತಾರೋ ಅಂತ ಅಕಿನೂ ಕೇಳಲಿಲ್ಲ. ಓಣ್ಯಾಗ ಎಲ್ಲಾ ಮನಿಗೂ ಹೋದಳು. ಎಲ್ಲಾ ಮನ್ಯಾಗೂ ಎಲ್ಲಾ ಹೆಚ್ಚಿದ್ದವು.

ಒಂದೂವರಿ ತಿಂಗಳ ಮ್ಯಾಲೆ ಒಂದು ಮಂಗಳವಾರ ನರ್ಸು ಬರಲಿಲ್ಲ. ಸೊಸಿ ಕಟ್ಟಿ ಮ್ಯಾಲೆ ಬಿಸಲು ಬರೂ ತನಕ ಕುಂತು ಎದ್ದು ಬಂದಳು. ಮುಂದಿನ ಮಂಗಳವಾರನೂ ಇಲ್ಲ. ಮೂರನೇ ವಾರ ಆಶಾ ಕಾರ್ಯಕರ್ತಿ ಸಿಕ್ಕಾಗ ಕೇಳಿದೆ.

"ನಿಮ್ಮ ಓಣಿ ಹಸರು ಆಗೈತಿ ಆಯಿ. ನರ್ಸು ಕೆಂಪು ಓಣಿಗೆ ಹೋಗತಾಳ."

"ಏನು ಹಸರು? ಯಾರು ಬಣ್ಣ ಹಾಕಿದರು?"

"ನಕಾಶದಾಗ. ಸುಧಾರಿಸಿದ ಓಣಿ ಹಸರು, ಸುಧಾರಿಸದ್ದು ಕೆಂಪು."

ಸುಧಾರಿಸಿದ ಓಣ್ಯಾಗ ನನ್ನ ಸೊಸಿ ಮತ್ತ ಗ್ವಾಡಿ ಹಿಡಿಯಾಕ ಹತ್ತಿದ್ದಳು. ಹಾಲು ನಿಂತವು, ಉಂಡಿ ನಿಂತವು. ನಾ ಅಕಿಗೆ ನನ್ನ ಪಾಲಿಂದು ಹಾಕತಿದ್ದೆ, ಅಕಿ ಅದನ್ನ ತಿರುಗಿ ಗಂಡನ ತಾಟಿಗೆ ಹಾಕತಿದ್ದಳು. ಮುಂಜಾನೆದ್ದರ ಕಾಲು ಬಾತಿರತಿದ್ದವು. ಸರಕಾರಿ ದವಾಖಾನ್ಯಾಗ ನೋಡಿಸಿದೆವು. ರಕ್ತ ಎಂಟಕ್ಕಿಂತ ಕೆಳಗ ಇಳದೈತಿ, ಇನ್ನೂ ಇಳದರ ಹೆರಿಗಿ ಹೊತ್ತಿಗೆ ತಾಯಿ ಕೂಸು ಎರಡೂ ನಮ್ಮ ಕೈಯಾಗಿಲ್ಲ ಅಂದರು. ಗುಳಗಿ ಕೊಟ್ಟರು. ಹಸದ ಹೊಟ್ಟಿಗೆ ಗುಳಗಿ ನುಂಗಿ ಅಕಿ ವಾಂತಿ ಮಾಡಿಕೊಂಡಳು.

ಮರುದಿನ ನಾ ಹುನಗುಂದದ ಬಸ್ಸು ಹತ್ತಿದೆ. ಸಂಸ್ಥಾದ ಆಫೀಸು ಅಲ್ಲಿತ್ತು. ಕಟ್ಟಿ ಮ್ಯಾಲೆ ಭಾಷಣ ಮಾಡಿದಂವನ ಕುಂತಿದ್ದ.

"ಖುಷಿ ಪಡ್ರಿ ಆಯಿ. ನಿಮ್ಮ ಓಣಿ ಭಾಳ ಸುಧಾರಿಸೈತಿ."

"ಯಾರು ಹೇಳಿದರು?"

"ನೀವ ಹೇಳೀರಲ್ರಿ." ಕಂಪ್ಯೂಟರ ನನ್ನ ಕಡೆ ತಿರಗಿಸಿ ಓದಿದ. "ಕಾಳು, ಹೆಚ್ಚಾಗಿದೆ. ಬೇಳೆ, ಹೆಚ್ಚಾಗಿದೆ. ಹಾಲು, ಹೆಚ್ಚಾಗಿದೆ. ನೀರು, ಹೆಚ್ಚಾಗಿದೆ. ಇಡೀ ಓಣಿ ಹಂಗ ಹೇಳೈತ್ರಿ. ಇಂಥಾ ಓಣಿ ನಮಗ ಎಲ್ಲೂ ಸಿಕ್ಕಿಲ್ಲ."

ನನಗ ಮೊದಲ ತಿಳೀಲಿಲ್ಲ. ಎರಡನೇ ಸಲ ಓದಿಸಿದಾಗ ತಿಳೀತು. ಮೈ ಉರದು ಹೋತು. ಯಾರ ಮ್ಯಾಲೆ ಉರೀಬೇಕು ಅಂತ ಮಾತ್ರ ಗೊತ್ತಾಗಲಿಲ್ಲ, ಅವರ ಮ್ಯಾಲೋ ನನ್ನ ಮ್ಯಾಲೋ.

"ತಮ್ಮಾ, ನಿಂದು ಯಾವ ಊರು?"

"ಬಾದಾಮಿ ಹತ್ತರ ಹಳ್ಳಿರಿ."

"ಮನ್ಯಾಗ ಉಪ್ಪು ತೀರಿದರ ನಿಮ್ಮವ್ವ ಏನಂತಾಳ?"

ಅಂವ ನನ್ನ ನೋಡಿದ. ಆಮ್ಯಾಲೆ ಕಂಪ್ಯೂಟರ ನೋಡಿದ.

"ಹೆಚ್ಚೈತಿ ಅಂತಾಳ್ರಿ."

"ಮತ್ತ?"

ಅಂವಗ ನಗಿ ಬಂತು. ತಡಕೊಳ್ಳಾಕ ಆಗಲಿಲ್ಲ, ಕೈಲೆ ಬಾಯಿ ಮುಚ್ಚಿಕೊಂಡು ನಕ್ಕ.

"ನಗಬ್ಯಾಡಪ. ನಿನ್ನವ್ವನ ಮಾತು ನಿನಗ ತಿಳೀಲಿಲ್ಲಲ್ಲ, ಅದಕ್ಕ ನಾ ಅಳಬೇಕು."

"ನಾ ಬರೇ ಮೊತ್ತ ನೋಡ್ತೇನ್ರಿ ಆಯಿ. ಕೇಳಿದವರು ಬ್ಯಾರೆ."

"ಈಗ ತಿದ್ದು."

"ತಿದ್ದಾಕ ಬರೂದಿಲ್ರಿ, ಲಾಕ್ ಆಗೈತಿ. ಮುಂದಿನ ಸಲ ಅಳಿಯೂಮುಂದ ಸರಿ ಮಾಡತೀವಿ."

"ಮುಂದಿನ ಸಲ ಅಂದರ?"

"ಬರೂ ವರ್ಷ."

"ಬಸರು ಒಂಬತ್ತು ತಿಂಗಳಿಂದು ತಮ್ಮಾ. ನಿನ್ನ ಕಂಪ್ಯೂಟರಿಗೆ ಹೊಂದೂಹಂಗ ಇನ್ನೊಂದು ವರ್ಷ ಹೊರು ಅಂತ ಸೊಸಿಗೆ ಹೇಳಲೇನು?"

ಅಂವ ಕೆಟ್ಟಂವ ಅಲ್ಲ. ಕೆಟ್ಟವರಾಗಿದ್ದರ ಬೈದು ಸಮಾಧಾನ ಮಾಡಿಕೊಳ್ಳಬಹುದು. ದನಿ ಇಳಿಸಿ ಹೇಳಿದ: ಬರೂ ಗುರುವಾರ ಬಾಗಲಕೋಟ್ಯಾಗ ದೊಡ್ಡವರು ಕೂಡತಾರ, ಈ ಅಳತಿ ಎಲ್ಲಾರಿಗೂ ತೋರಸ್ತಾರ, ಅಲ್ಲಿ ಬಂದು ಹೇಳ್ರಿ, ನಾ ಹೇಳಿದೆ ಅನಬ್ಯಾಡ್ರಿ.

ಗುರುವಾರ ನಾನೂ ಎದುರು ಮನಿ ಮುದುಕಿನೂ ಹೋದೆವು. ಅಮೀನಗಡದಾಗ ಬಸ್ಸು ನಿಂತಾಗ ಅಕಿ ಕರದಂಟಿನ ಅಂಗಡಿ ಕಡೆ ನೋಡಿದಳು, ಆಮ್ಯಾಲೆ ನನ್ನ ಕಡೆ.

"ಅಲ್ಲಿ ಹೋಗಿ ಏನಂತಿ?"

"ಇಲ್ಲ ಅಂತೇನಿ."

"ಏನು ಇಲ್ಲ?"

"ಜ್ವಾಳ ಇಲ್ಲ, ಹಾಲಿಲ್ಲ, ಇದ್ದದ್ದ ಇದ್ದಂಗ."

ಅಕಿ ನನ್ನ ಕೈ ಗಟ್ಟಿಯಾಗಿ ಹಿಡದಳು. "ಮನ್ಯಾಗ ಬಸರಿ ಅದಾಳ. ಹಂಗ ಬಾಯಿ ಬಿಟ್ಟು ಅಂದರ ಒಳಗಿನ ಕೂಸು ಕೇಳತೈತಿ. ಬ್ಯಾರೆ ಏನರ ಅನ್ನು. ಕಡಿಮಿ ಆಗೈತಿ ಅನ್ನು."

"ಕಡಿಮಿ ಅಂದರ ಸಾಕಷ್ಟು ಅಂತ ಬರಕೊಳ್ಳತಾರ. ನನಗ ಈಗ ಅವರ ಭಾಷಾ ತಿಳದೈತಿ."

"ಏನರ ಹೆಚ್ಚುಕಡಿಮಿ ಆದರ ನಿನ್ನ ಬಾಯಿನ ಕಾರಣ ಅಂತಾರ ಎಲ್ಲಾರೂ. ನಾನೂ ಅಂತೇನಿ."

"ಅನ್ನು."

ಹೇಳಿಬಿಟ್ಟೆ. ಎರಡು ಸಲ ಕಳಕೊಂಡ ಮನ್ಯಾಗ ಇಂಥಾ ಮಾತಿಗೆ ಅಂಜಿಕಿ ಬರೂದಿಲ್ಲ ಅಂದರ ಅದು ಬುದ್ಧಿವಂತರ ಮಾತು, ನನ್ನದಲ್ಲ.

ದೊಡ್ಡ ಸಭಾಗೃಹ. ಕುರ್ಚಿಗೆಲ್ಲಾ ಬಿಳಿ ಬಟ್ಟಿ. ಪರದೆ ಮ್ಯಾಲೆ ನಕಾಶ, ಅದರಾಗ ಹಸರು ಕೆಂಪು ಚುಕ್ಕಿ. ಒಬ್ಬರು ಮೇಡಮ್ಮೋರು ಮೈಕು ಹಿಡದು ಮಾತಾಡತಿದ್ದರು. ನಡುವ ಪರದೆ ಮ್ಯಾಲೆ ನನ್ನ ಸೊಸಿ ಬಂದಳು, ನಮ್ಮ ಪಡಸಾಲ್ಯಾಗ, ಚಹಾದ ಬಸಿ ಹಿಡಕೊಂಡು.

"ಈ ಓಣಿಯಲ್ಲಿ ಆದಾಯ ಹೆಚ್ಚಿಲ್ಲ. ಆದರೂ ಆಹಾರ, ನೀರು ಎಲ್ಲವೂ ಹೆಚ್ಚಾಗಿದೆ. ಪ್ರಗತಿ ಅಂದರೆ ಬರೀ ಹಣ ಅಲ್ಲ ಅನ್ನೋದಕ್ಕೆ ಇದೇ ಸಾಕ್ಷಿ" ಅಂದರು. ಚಪ್ಪಾಳಿ ಬಿದ್ದವು.

ನಾ ಎದ್ದು ನಿಂತೆ. ಯಾರೂ ಕರೀಲಿಲ್ಲ, ಮೈಕೂ ಕೊಡಲಿಲ್ಲ. ಮಗ್ಗದ ಸಪ್ಪಳದಾಗ ಐವತ್ತು ವರ್ಷ ಮಾತಾಡಿದ ಗಂಟಲು, ಮೈಕು ಬೇಕಾಗಿಲ್ಲ.

"ಆ ಫೋಟೋದಾಗಿನಾಕಿ ನನ್ನ ಸೊಸಿ. ಆ ಚಹಾದ ಸಕ್ಕರಿ ಈಕಿ ಮನೀದು" ಅಂತ ಎದುರು ಮನಿ ಮುದುಕಿನ್ನ ತೋರಿಸಿದೆ. ಅಕಿ ಸೆರಗು ಎಳಕೊಂಡು ಮಾರಿ ಮುಚ್ಚಿಕೊಂಡಳು. "ನಮ್ಮ ಕಡೆ ತೀರಿದ್ದಕ್ಕ ಹೆಚ್ಚೈತಿ ಅಂತಾರ. ಇಲ್ಲಿ ಕುಂತವರಾಗ ಅರ್ಧ ಮಂದಿಗೆ ಅದು ಗೊತ್ತೈತಿ. ನಿಮ್ಮವ್ವಂದಿರು ಅಂದದ್ದು ಕೇಳಿ ಬೆಳದೀರಿ. ಯಾರೂ ಬಾಯಿ ತಗೀಲಿಲ್ಲ."

ಎದುರು ಮನಿಯಾಕಿ ನನ್ನ ಸೀರಿ ಹಿಡದು ಜಗ್ಗಿದಳು. ನಾ ಮಾತು ನಿಲ್ಲಸಲಿಲ್ಲ.

"ನಮ್ಮ ಮನ್ಯಾಗ ಜ್ವಾಳ ಇಲ್ಲ. ಬ್ಯಾಳಿ ಇಲ್ಲ. ಹಾಲಿಲ್ಲ. ನಾಕು ದಿನ ನೀರಿಲ್ಲ. ಸೊಸಿ ಮೈಯಾಗ ರಕ್ತ ಇಲ್ಲ. ಬರಕೊಳ್ರಿ. ಇಷ್ಟು ಇಲ್ಲ ನಾ ಹುಟ್ಟಿದಾಗಿಂದ ಅಂದಿದ್ದಿಲ್ಲ."

ಕೋಟು ಹಾಕಿದಂವ ಒಬ್ಬಂವ ಎದ್ದು, "ಅಮ್ಮ, ಇದು ಭಾಷೆಯ ಸಣ್ಣ ಗೊಂದಲ. ಮುಂದಿನ ವರದಿಯಲ್ಲಿ ಸರಿಪಡಿಸುತ್ತೇವೆ" ಅಂದ.

"ಭಾಷಾ ನೆಟ್ಟಗೈತಿ. ಗೊಂದಲ ನಿಮ್ಮ ಕಿವ್ಯಾಗ. ರೊಕ್ಕ ಅಳಿಯಾವರು ನಮ್ಮ ಮನಿಗೆ ಬರತಿದ್ದಿಲ್ಲ, ನೀವು ಬಂದಿರಿ, ಅದಕ್ಕ ನಾ ಖುಷಿ ಪಟ್ಟೆ. ಬಂದು ಚಾಪಿ ಮ್ಯಾಲೆ ಕುಂತು ಎದ್ದು ಹೋದಿರಿ. ಗಡಗಿ ಮುಚ್ಚಳ ತಗದು ನೋಡಲಿಲ್ಲ. ಖರೇನ ಅಳಿಯೂದಿದ್ದರ ಮನ್ಯಾಗ ಕಡೀಕ ಉಣ್ಣಾಕಿ ಉಣ್ಣೂ ಹೊತ್ತಿಗೆ ಬರ್ರಿ. ಅಕಿ ತಾಟಿನ್ಯಾಗ ಏನೈತಿ ನೋಡ್ರಿ. ಬ್ಯಾರೆ ಏನೂ ಕೇಳಬ್ಯಾಡ್ರಿ."

"ಎಲ್ಲರೂ ಊಟ ಮಾಡ್ತೀವಿ ಅಂತ ನೀವೇ ಹೇಳಿದ್ದೀರಂತೆ" ಅಂದರು ಮೈಕಿನ ಮೇಡಮ್ಮೋರು, ಕಾಗದ ನೋಡಿ.

"ಹೇಳೇನಿ. ಅಕಿ ತಾಟು ಕಡೀಕ ಇಟ್ಟಾಕಿನೂ ನಾನ. ನಿಮ್ಮನ್ನ ಬೈಯಾಕ ಬಂದೇನಿ, ನನ್ನ ಹೊರಗಿಟ್ಟು ಅಲ್ಲ."

ಯಾರೂ ಚಪ್ಪಾಳಿ ಹೊಡೀಲಿಲ್ಲ. ಊಟದ ಹೊತ್ತಾತು ಅಂತ ಎದ್ದರು. ನಮಗೂ ತಾಟು ಕೊಟ್ಟರು. ಎದುರು ಮನಿಯಾಕಿ ಉಂಡಳು. ನನಗ ಇಳೀಲಿಲ್ಲ.

ಆ ಮೈಸೂರು ಕಡಿ ಹುಡುಗಿ ಹೊರಗ ಬಾಗಲಿಗೆ ನಿಂತಿದ್ದಳು. "ನನಗೆ ಗೊತ್ತಿರಲಿಲ್ಲ ಅಜ್ಜಿ."

"ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತೈತಿ ಅಂತ ಒತ್ತಿದ್ದು ತಪ್ಪು."

ಅಳಾಕ ಹತ್ತಿದಳು. ನಾ ಸಮಾಧಾನ ಮಾಡಲಿಲ್ಲ. ಆದರೂ ಅಕಿ ಒಂದು ಕೆಲಸ ಮಾಡಿದಳು. ಮುಂದಿನ ಸೋಮವಾರ ಯಾರೂ ಕಳಸದಿದ್ದರೂ ಓಣಿಗೆ ಬಂದು ಒಂದೊಂದು ಮನ್ಯಾಗೂ ಡಬ್ಬಿ ತಗಸಿ ನೋಡಿ ಬರಕೊಂಡು ಹೋದಳು. ನಮ್ಮ ಓಣಿ ಹೆಂಗಸೂರು ಸಿಟ್ಟಾದರು. ಬಂದವರ ಮುಂದ ಖಾಲಿ ಡಬ್ಬಿ ತಗಿಯೂದು ಅಂದರ ಸೆರಗು ಜಾರಿದಂಗ. ತಗೀರಿ ಅಂತ ನಾ ಹಿಂದ ನಿಂತು ಬೈದೆ. ಇಬ್ಬರು ಇವತ್ತಿಗೂ ನನ್ನ ಜೋಡಿ ಮಾತಾಡೂದಿಲ್ಲ.

ಎರಡು ವಾರಕ್ಕ ನರ್ಸು ತಿರುಗಿ ಬಂದಳು. ಸೊಸಿನ್ನ ದವಾಖಾನಿಗೆ ಕರಕೊಂಡು ಹೋಗಿ ಬಾಟಲಿ ಹಚ್ಚಿಸಿದಳು, ಮತ್ತ ಹಾಲು ಉಂಡಿ ಸುರು ಆದವು. ನಾನೂ ಮನ್ಯಾಗ ತಾಟಿನ ಸಾಲು ತಿರಗಿಸಿದೆ. ಮೊದಲ ಸೊಸಿ. ಮಗ ಒಂದು ದಿನ, "ಅವ್ವಾ, ನಾ ಶೆಡ್ಡಿಗೆ ಹೋಗಬೇಕು" ಅಂದ.

"ಹೋಗು. ಅಕಿ ಉಂಡಮ್ಯಾಲೆ ಉಂಡು ಹೋಗು."

"ಮಂದಿ ಏನಂತಾರ?"

"ನೀ ಹೆಂಡತಿ ತಾಟು ತೊಳೀತಿ ಅಂತಾರ. ತೊಳಿ."

ಸೊಸಿಗೆ ಮೊದಲ ಗಂಟಲದಾಗ ಇಳೀತಿದ್ದಿಲ್ಲ, ಗಂಡ ಹಸದು ನಿಂತಾಗ ಉಣ್ಣೂದು ಅಂದರ ಅಕಿಗೆ ಪಾಪ ಮಾಡಿದಂಗ. ನಾ ಎದುರಿಗೆ ಕುಂತು ಉಣಸಿದೆ. ಪ್ರೀತಿಲೆ ಅಲ್ಲ, ಹಟದಿಂದ.

ಹಂಗ ಮೂರು ವಾರ ಹೋತು. ಒಂದು ಮಂಗಳವಾರ ನರ್ಸನ್ನ ಕೇಳಿದೆ, "ನಡುವ ನೀ ಯಾವ ಓಣಿಗೆ ಹೋಗತಿದ್ದಿ?" ಸಂತಿ ಬಯಲಿನ ಹಿಂದಿನ ಓಣಿ ಅಂದಳು. "ಈಗ ಅಲ್ಲಿಗೆ ಯಾರು ಹೋಗತಾರ?"

"ಯಾರೂ ಇಲ್ಲ ಆಯಿ. ನಾ ಒಬ್ಬಾಕಿ, ನನಗ ಇಷ್ಟ ಓಣಿ ಅಂತ ಕೊಟ್ಟಾರ. ನಿಮ್ಮದು ಕೆಂಪು ಮಾಡಿದರು, ಅದನ್ನ ಹಸರು ಮಾಡಿದರು."

"ಅಲ್ಲಿ ಬಸರಿ ಅದಾರೇನು?"

"ಒಬ್ಬಾಕಿ. ಆರನೇ ತಿಂಗಳು. ನಿಮ್ಮ ಸೊಸಿಗಿಂತ ರಕ್ತ ಕಡಿಮಿ."

ಬಾಗಲಕೋ‌ಟ್ಯಾಗ ಒದರಿದ್ದು ನಾ. ಅವರು ನನಗ ಕೊಟ್ಟದ್ದು ಮತ್ತೊಬ್ಬಾಕಿ ತಾಟಿನಿಂದ ತಗದು. ನಕಾಶದಾಗ ಹಸರು ಇಷ್ಟ ಇರಬೇಕು ಅಂತ ಮೊದಲ ಎಣಿಸಿಟ್ಟಾರ, ಚುಕ್ಕಿ ಅತ್ತಾಗ ಇತ್ತಾಗ ಸರಸತಾರ, ಅದಕ್ಕ ಅಳತಿ ಅಂತಾರ. ಅವತ್ತ ಮಧ್ಯಾಹ್ನ ಆ ಓಣಿಗೆ ಹೋದೆ. ಬೀಡಿ ಕಟ್ಟೂ ಮಂದಿ ಓಣಿ. ಆ ಬಸರಿ ಹುಡುಗಿ ಅತ್ತಿ ಬಾಗಲದಾಗ ಎಲಿ ಕತ್ತರಿಸಿಕೋತ ಕುಂತಿದ್ದಳು, ನನ್ನ ವಯಸ್ಸಿನಾಕಿ. ಯಾಕ ಬಂದೆ ಅಂತ ಹೇಳಿದೆ.

"ನಮಗ ಯಾರ ಹಂಗೂ ಬ್ಯಾಡವ್ವಾ. ದೇವರ ದಯಾದಿಂದ ಮನ್ಯಾಗ ಎಲ್ಲಾ ಹೆಚ್ಚೈತಿ" ಅಂದಳು, ಮಾರಿ ಎತ್ತಲಿಲ್ಲ.

"ನನಗ ತಿಳೀತೈತಿ. ನಾ ಅಳಿಯಾಕ ಬಂದಾಕಿ ಅಲ್ಲ."

ಅಕಿ ಕತ್ತರಿ ನಿಂತಿತು. "ನಮ್ಮ ನರ್ಸನ್ನ ಕಸಗೊಂಡಾಕಿ ನೀನ ಹೌದಲ್ಲೋ?" ಅಂದಳು. ಹೌದು ಅಂದೆ. ಬೈದಳು. ಬೈಸಿಕೊಂಡೆ. ಕಡೀಕ, "ಎಷ್ಟೊತ್ತಿಗೆ ಬರತಾಳ ನಿಮ್ಮ ಕಟ್ಟಿಗೆ?" ಅಂತ ಕೇಳಿದಳು.

ಮುಂದಿನ ಮಂಗಳವಾರ ಅಕಿ ಸೊಸಿ ಒಬ್ಬಾಕಿನ ನಡಕೋತ ಬಂದಳು. ನರ್ಸಿನ ಯಾದಿಯೊಳಗ ಅಕಿ ಹೆಸರು ಬರಿಯಾಕ ಬರೂದಿಲ್ಲ, ಹಸರು ಓಣಿಯಾಕಿ. ನನ್ನ ಸೊಸಿ ಹಾಳಿ ಹಿಂದ ಬರಕೋ ಅಂದೆ. ನರ್ಸು ಸುತ್ತ ಒಮ್ಮಿ ನೋಡಿ ಬರಕೊಂಡಳು. ಉಂಡಿ ಒಬ್ಬೊಬ್ಬರಿಗೆ ಒಂದೊಂದು ಆತು.

ನನ್ನ ಸೊಸಿ ಹೋದ ತಿಂಗಳು ಹಡದಳು. ಹೆಣ್ಣು ಕೂಸು, ಸಣ್ಣದು, ಎರಡು ಕಿಲೋ ಚಿಲ್ಲರ. ಇಬ್ಬರೂ ಉಳದರು. ನೀ ಬಾಯಿ ಬಿಟ್ಟು ಇಲ್ಲ ಅಂದಿದ್ದಕ್ಕ ಕೂಸು ಇಷ್ಟು ಸಣ್ಣ ಆತು ಅಂತ ಎದುರು ಮನಿಯಾಕಿ ಅಂದಳು, ಅಂತೇನಿ ಅಂದಿದ್ದಳು, ಅಂದಳು. ಸಂಸ್ಥಾದವರು ಕೂಸಿನ ಫೋಟೋ ತಗಿಯಾಕ ಬಂದಿದ್ದರು. ತಗೀಗೊಡಲಿಲ್ಲ. ಆ ಓಣಿಗೂ ಒಬ್ಬಾಕಿ ನರ್ಸನ್ನ ಕೊಡ್ರಿ, ಅಲ್ಲೀತನಕ ನನ್ನ ಬಾಗಲಿಗೆ ಬರಬ್ಯಾಡ್ರಿ ಅಂದೆ. ನೋಡತೀವಿ ಅಂದು ಹೋದರು.

ಬೀಡಿ ಓಣಿ ಹುಡುಗಿ ಇನ್ನೂ ಬರತಾಳ. ನನ್ನ ಸೊಸಿ ಬಾಣಂತಿ, ಕಟ್ಟಿಗೆ ಬರೂದಿಲ್ಲ, ಅಕಿ ಪಾಲಿನ ಹಾಲು ಉಂಡಿ ಈ ಹುಡುಗಿ ಮುಂದ ಇಟ್ಟು ನಾ ಕಾವಲು ಕುಂಡರತೇನಿ, ಮನಿಗೆ ಒಯ್ಯಗೊಡೂದಿಲ್ಲ. ಮೊನ್ನೆ ಮಂಗಳವಾರ ಅಕಿ ರಕ್ತ ಎಂಟೂವರಿ ಇತ್ತು. ದಿನ ತುಂಬಾಕ ಇನ್ನು ಐದು ವಾರ ಅದಾವ.